ಸತ್ತ ಚರ್ಮದ ಸಾಕ್ಷಿ

ಪರೀಕ್ಷೆಗೆಂದು ನನ್ನ ಕೈಗೆ ಬಂದ ಆ ಬಣ್ಣದ ಪುಡಿ, ಬೆಳಕು ತಾಗದಂತೆ ಕಂದು ಗಾಜಿನ ಪುಟ್ಟ ಬಾಟಲಿಯಲ್ಲಿತ್ತು. ಅದರ ಮೇಲೆ ಹೆಸರಿರಲಿಲ್ಲ, ಸಂಕೇತ ಸಂಖ್ಯೆಯೊಂದೇ ಇತ್ತು. ಜೊತೆಯಲ್ಲಿ ಬಂದಿದ್ದ ಹಾಳೆಯಲ್ಲಿ ಅದು ಕೂದಲಿಗೆ ಹಚ್ಚುವ ಬಣ್ಣಗಳಲ್ಲಿ ಬಳಸಲೆಂದು ತಯಾರಿಸಿದ ಸಂಯುಕ್ತವೆಂದೂ, ಅದರ ಅಣುವಿನಲ್ಲಿ ಅಮಿನೊ ಮತ್ತು ಹೈಡ್ರಾಕ್ಸಿಲ್ ಗುಂಪುಗಳಿವೆಯೆಂದೂ, ನೀರಿನಲ್ಲಿ ಸ್ವಲ್ಪ ಮಟ್ಟಿಗೆ ಕರಗುತ್ತದೆಯೆಂದೂ ಬರೆದಿತ್ತು. ನಮ್ಮ ಮುಂದಿದ್ದ ಪ್ರಶ್ನೆ ಒಂದೇ: ಇದು ಮನುಷ್ಯರ ಚರ್ಮವನ್ನು ಕೆರಳಿಸುತ್ತದೆಯೇ, ಇಲ್ಲವೇ? ಉತ್ತರ ಒಂದೇ ಪದದ್ದು. ಅದನ್ನು ಹೇಳುವುದಕ್ಕೆ ನನಗೆ ಒಂದು ವಾರ ಸಾಕು ಎಂದುಕೊಂಡಿದ್ದೆ. ಹಿಡಿದದ್ದು ಐದು ವಾರ.

ಕೆರಳಿಕೆ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಕೂದಲ ಬಣ್ಣದ ಮಾತು ಬಂದಾಗಲೆಲ್ಲ ಜನ ಅದನ್ನು ಅಲರ್ಜಿಯೊಂದಿಗೆ ಕಲಸಿಬಿಡುತ್ತಾರೆ. ಕೆರಳಿಕೆ ಎಂಬುದು ರಾಸಾಯನಿಕವು ಚರ್ಮದ ಜೀವಕೋಶಗಳಿಗೆ ನೇರವಾಗಿ ಮಾಡುವ ಗಾಯ. ಮೊದಲ ಸಲ ತಾಗಿದಾಗಲೇ ಆಗಬಹುದು, ಯಾರಿಗೆ ಬೇಕಾದರೂ ಆಗಬಹುದು, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಾಯುತ್ತದೆ. ಅಲರ್ಜಿ ಹಾಗಲ್ಲ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಮೊದಲು ಆ ವಸ್ತುವನ್ನು ಗುರುತಿಟ್ಟುಕೊಂಡು, ಮುಂದೊಂದು ದಿನ ಅದರ ತೀರಾ ಸಣ್ಣ ಅಂಶ ಕಂಡರೂ ಮೇಲೆ ಬೀಳುತ್ತದೆ. ಕೂದಲ ಬಣ್ಣಗಳಲ್ಲಿ ಹೆಸರು ಕೆಡಿಸಿಕೊಂಡಿರುವ ಪ್ಯಾರಾ ಫಿನೈಲೀನ್ ಡೈಅಮೀನ್‌ನ ಮುಖ್ಯ ತೊಂದರೆ ಈ ಎರಡನೆಯದು. ಎರಡಕ್ಕೂ ಪರೀಕ್ಷೆಗಳು ಬೇರೆ ಬೇರೆ. ನನ್ನ ಪಾಲಿಗೆ ಬಂದದ್ದು ಮೊದಲನೆಯದು ಮಾತ್ರ.

ಕೆರಳಿಕೆ ಹೇಗಿರುತ್ತದೆ ಎಂಬುದು ನನಗೆ ಪುಸ್ತಕದಿಂದಷ್ಟೇ ಗೊತ್ತಿರಲಿಲ್ಲ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾಲ್ಕು ಗಂಟೆಯ ಮಾನವ ತೇಪೆ ಪರೀಕ್ಷೆಯೊಂದಕ್ಕೆ ಸ್ವಯಂಸೇವಕರ ಪಟ್ಟಿಯಲ್ಲಿ ಹೆಸರು ಕೊಟ್ಟಿದ್ದೆ. ತೋಳಿನ ಹೊರಭಾಗದಲ್ಲಿ ಪರೀಕ್ಷಾ ವಸ್ತುವಿನ ತೇಪೆಯ ಪಕ್ಕದಲ್ಲಿ, ಹೋಲಿಕೆಗೆಂದು, ಶೇ 20ರ ಸೋಡಿಯಂ ಡೋಡೆಸೈಲ್ ಸಲ್ಫೇಟ್ ದ್ರಾವಣದ ತೇಪೆಯನ್ನೂ ಅಂಟಿಸುತ್ತಾರೆ. ಅದು ಶಾಂಪೂ, ಟೂತ್‌ಪೇಸ್ಟ್‌ಗಳಲ್ಲಿ ನೊರೆ ಬರಿಸುವ ವಸ್ತು, ಆದರೆ ಆ ಸಾಂದ್ರತೆಯಲ್ಲಿ ಅದು ಸೌಮ್ಯವಲ್ಲ. ಮೊದಲು ಹದಿನೈದು ನಿಮಿಷ, ಅದಕ್ಕೇನೂ ಆಗದಿದ್ದರೆ ಅರ್ಧ ಗಂಟೆ, ಹೀಗೆ ಅವಧಿಯನ್ನು ಏರಿಸುತ್ತ ಹೋಗುತ್ತಾರೆ. ನನ್ನ ತೋಳಿನಲ್ಲಿ ಅಂಚು ಸ್ಪಷ್ಟವಾಗಿದ್ದ ಕೆಂಪು ಮಚ್ಚೆಯೊಂದು ಎದ್ದು, ಮರುದಿನ ಬಿಗಿದುಕೊಂಡು, ಮೂರನೆಯ ದಿನ ಹೊಟ್ಟಿನಂತೆ ಸುಲಿಯಿತು. ಉರಿಗಿಂತ ಕೆರೆತವೇ ಹೆಚ್ಚು ಪೀಡಿಸಿತು. ಮುಂದೆ ಎಷ್ಟೋ ವರದಿಗಳಲ್ಲಿ "ಕೆರಳಿಸುವ ವಸ್ತು" ಎಂಬ ಎರಡು ಪದಗಳನ್ನು ಬರೆಯುವಾಗಲೆಲ್ಲ ನನಗೆ ಆ ಮಚ್ಚೆಯೇ ನೆನಪಾಗುತ್ತದೆ.

ಬಣ್ಣಗಳ ಪರೀಕ್ಷೆಗೆ ಹಳೆಯ ಚರಿತ್ರೆಯಿದೆ, ಅದರಲ್ಲಿ ಹೆಮ್ಮೆಪಡುವಂಥದ್ದು ಕಡಿಮೆ. 1933ರ ಸುಮಾರಿನಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಯ ಬಣ್ಣ ಹಚ್ಚಿಕೊಂಡ ಮಹಿಳೆಯರಲ್ಲಿ ಕೆಲವರು ಕಣ್ಣು ಕಳೆದುಕೊಂಡರು, ಸಾವೂ ಸಂಭವಿಸಿತು. ಅದರಲ್ಲಿದ್ದದ್ದು ಮೇಲೆ ಹೇಳಿದ ಪ್ಯಾರಾ ಫಿನೈಲೀನ್ ಡೈಅಮೀನ್. ಇಂಥ ಘಟನೆಗಳ ಹಿನ್ನೆಲೆಯಲ್ಲಿ 1938ರಲ್ಲಿ ಅಲ್ಲಿ ಪ್ರಸಾಧನ ಸಾಮಗ್ರಿಗಳನ್ನೂ ಒಳಗೊಂಡ ಕಾಯಿದೆ ಬಂತು. ಅಚ್ಚರಿಯೆಂದರೆ, ಎಚ್ಚರಿಕೆಯ ಮಾತನ್ನು ಮುದ್ರಿಸಿದರೆ ಸಾಕು ಎಂದು ಕಲ್ಲಿದ್ದಲ ಡಾಂಬರಿನಿಂದ ತೆಗೆದ ಕೂದಲ ಬಣ್ಣಗಳಿಗೆ ಅದೇ ಕಾಯಿದೆ ವಿನಾಯಿತಿ ಕೊಟ್ಟಿತು. ರೆಪ್ಪೆ ಮತ್ತು ಹುಬ್ಬಿನ ಬಣ್ಣಗಳಿಗೆ ಮಾತ್ರ ಕೊಡಲಿಲ್ಲ. 1944ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದಲ್ಲಿದ್ದ ಜಾನ್ ಡ್ರೇಜ್ ಮತ್ತು ಸಂಗಡಿಗರು ಮೊಲಗಳ ಮೇಲಿನ ಪರೀಕ್ಷೆಯನ್ನು ಪ್ರಕಟಿಸಿದರು. ಮೊಲದ ಬೆನ್ನಿನ ಕೂದಲು ತೆಗೆದು, ವಸ್ತುವನ್ನು ತೇಪೆಯಡಿ ಇಟ್ಟು, ಆಮೇಲೆ ಕೆಂಪಿಗೆ ಸೊನ್ನೆಯಿಂದ ನಾಲ್ಕು, ಊತಕ್ಕೆ ಸೊನ್ನೆಯಿಂದ ನಾಲ್ಕು ಅಂಕ ಕೊಡುವುದು ಅದರ ತಿರುಳು. ಪರಿಷ್ಕೃತ ರೂಪದಲ್ಲಿ ಅದೇ 1981ರಲ್ಲಿ ಒಇಸಿಡಿ ಎಂಬ ಅಂತರರಾಷ್ಟ್ರೀಯ ಆರ್ಥಿಕ ಸಹಕಾರ ಸಂಸ್ಥೆಯ 404ನೇ ಮಾರ್ಗಸೂಚಿಯಾಯಿತು: ಅರ್ಧ ಗ್ರಾಂ ವಸ್ತು, ನಾಲ್ಕು ಗಂಟೆ ಸಂಪರ್ಕ, 24, 48, 72 ಗಂಟೆಗಳಲ್ಲಿ ಅಂಕ.

ಪ್ರಾಣಿಗೆ ಆಗುವ ಹಿಂಸೆಯ ಮಾತನ್ನು ಪಕ್ಕಕ್ಕಿಟ್ಟರೂ, ಬಣ್ಣಗಳ ವಿಷಯದಲ್ಲಿ ಈ ಪರೀಕ್ಷೆಯೊಳಗೆ ಒಂದು ತಮಾಷೆಯಿದೆ. ಕೆಂಪು ಎಷ್ಟಿದೆ ಎಂದು ಕಣ್ಣಿನಿಂದ ನೋಡಿ ಅಂಕ ಕೊಡಬೇಕಾದ ಜಾಗವನ್ನು ಪರೀಕ್ಷಾ ವಸ್ತುವೇ ಬಣ್ಣ ಬಳಿದು ಮುಚ್ಚಿಬಿಡುತ್ತದೆ. ಕಡುಗೆಂಪು ಬಣ್ಣ ಹಚ್ಚಿದ ಚರ್ಮದ ಮೇಲೆ ಕೆಂಪನ್ನು ಹುಡುಕುವುದು ಹೇಗೆ? ಹಳೆಯ ವರದಿಗಳಲ್ಲಿ "ವಸ್ತುವಿನ ಬಣ್ಣದಿಂದಾಗಿ ಕೆಂಪಿನ ಅಂಕ ನೀಡಲಾಗಲಿಲ್ಲ" ಎಂಬ ವಾಕ್ಯ ಸಿಗುತ್ತದೆ. ಅದನ್ನು ಓದಿದಾಗ ನಾನು ಒಳಗೊಳಗೇ ನಕ್ಕಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ಮೊಲಗಳಿಲ್ಲ, ಕಣ್ಣಳತೆಯ ಅಂಕಗಳಿಲ್ಲ. ನಮ್ಮಲ್ಲಿರುವುದು ಸಂಖ್ಯೆ ಕೊಡುವ ಯಂತ್ರ, ಅದಕ್ಕೆ ಬಣ್ಣದ ಭ್ರಮೆಯಿಲ್ಲ ಎಂದು ಆಗ ನಂಬಿದ್ದೆ.

ನಾವು ಬಳಸುವುದು ಒಇಸಿಡಿಯ 439ನೇ ಮಾರ್ಗಸೂಚಿ, 2010ರಲ್ಲಿ ಅಂಗೀಕಾರವಾದದ್ದು. ಇಲ್ಲಿ ಪ್ರಾಣಿಯ ಬದಲಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಹೊರಚರ್ಮ ಬರುತ್ತದೆ. ದಾನವಾಗಿ ಬಂದ ಚರ್ಮದಿಂದ ತೆಗೆದ ಕೆರಟಿನೊಸೈಟ್ ಜೀವಕೋಶಗಳನ್ನು ಸಣ್ಣ ಪ್ಲಾಸ್ಟಿಕ್ ಬಟ್ಟಲಿನ ತಳದಲ್ಲಿರುವ ರಂಧ್ರಯುಕ್ತ ಪೊರೆಯ ಮೇಲೆ ಬಿತ್ತಿ, ಕೆಳಗಿನಿಂದ ಪೋಷಕ ದ್ರವ, ಮೇಲಿನಿಂದ ಗಾಳಿ ಸಿಗುವಂತೆ ಬೆಳೆಸಿದರೆ, ಅವು ತಾವಾಗಿಯೇ ಪದರ ಪದರವಾಗಿ ಜೋಡಿಸಿಕೊಂಡು, ಎಲ್ಲಕ್ಕಿಂತ ಮೇಲೆ ಸತ್ತ ಜೀವಕೋಶಗಳ ಒಣ ಪದರವನ್ನೂ ಕಟ್ಟಿಕೊಳ್ಳುತ್ತವೆ. ಈ ಮೇಲಿನ ಪದರವೇ ಚರ್ಮದ ಕೋಟೆಗೋಡೆ. ಒಂದೊಂದು ತುಂಡೂ ಅಂಗಿಯ ಗುಂಡಿಗಿಂತ ಚಿಕ್ಕದು, ನಾವು ಬಳಸುವ ಮಾದರಿಯಲ್ಲಿ 0.63 ಚದರ ಸೆಂಟಿಮೀಟರ್. ನೋಡುವುದಕ್ಕೆ ಹಾಲಿನ ಕೆನೆ ಕಟ್ಟಿದಂತೆ ಮಬ್ಬು ಬಿಳಿ. ರಕ್ತನಾಳಗಳಿಲ್ಲ, ಹಾಗಾಗಿ ಕೆಂಪಾಗುವುದಿಲ್ಲ. ನರಗಳಿಲ್ಲ, ಹಾಗಾಗಿ ಉರಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ಬದುಕುವುದು ಮತ್ತು ಸಾಯುವುದು ಎರಡೇ. ನಾವು ಅಳೆಯುವುದೂ ಅದನ್ನೇ.

ಅಳತೆಯ ಕ್ರಮ ಸರಳ. ಎಂಟಿಟಿ ಎಂಬ ಹಳದಿ ಬಣ್ಣದ ಲವಣವಿದೆ. ಬದುಕಿರುವ ಜೀವಕೋಶಗಳೊಳಗಿನ ಕಿಣ್ವಗಳು ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಫಾರ್ಮಝಾನ್ ಎಂಬ ನೇರಳೆ ಬಣ್ಣದ ವಸ್ತುವಾಗಿ ಮಾರ್ಪಡಿಸುತ್ತವೆ. ಸತ್ತ ಜೀವಕೋಶಗಳಿಂದ ಅದು ಆಗದು. ಆ ನೇರಳೆಯನ್ನು ಐಸೊಪ್ರೊಪನಾಲ್‌ನಲ್ಲಿ ಕರಗಿಸಿ ತೆಗೆದು, 570 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ನೋಡಿದರೆ ಎಷ್ಟು ಜೀವ ಉಳಿದಿದೆ ಎಂದು ತಿಳಿಯುತ್ತದೆ. ಬರೀ ಲವಣದ್ರಾವಣ ಹಾಕಿದ ತುಂಡುಗಳ ಜೀವಂತಿಕೆಯನ್ನು ನೂರು ಎಂದಿಟ್ಟುಕೊಂಡು, ಪರೀಕ್ಷಾ ವಸ್ತು ಹಾಕಿದ ಮೂರು ತುಂಡುಗಳ ಸರಾಸರಿ 50 ಅಥವಾ ಅದಕ್ಕಿಂತ ಕೆಳಗೆ ಬಂದರೆ ವಸ್ತು ಕೆರಳಿಸುವಂಥದ್ದು, ಮೇಲೆ ನಿಂತರೆ ಅಲ್ಲ. ಚರ್ಮವನ್ನು ಸುಟ್ಟೇಬಿಡುವ ವಸ್ತುಗಳೂ 50ರ ಕೆಳಗೇ ಬರುವುದರಿಂದ ಅದಕ್ಕೆ ಪ್ರತ್ಯೇಕ ಪರೀಕ್ಷೆಯಿದೆ. ನಮ್ಮ ಪುಡಿ ಆ ಪರೀಕ್ಷೆಯನ್ನು ಮೊದಲೇ ದಾಟಿತ್ತು.

ಬಣ್ಣವನ್ನು ಬಣ್ಣದಿಂದ ಅಳೆಯುತ್ತಿದ್ದೇವೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಂಗಾಂಶ ಮುಟ್ಟುವ ಮೊದಲು ಎರಡು ಪೂರ್ವಪರೀಕ್ಷೆಗಳನ್ನು ಮಾಡಲೇಬೇಕು. ಒಂದು, ವಸ್ತುವಿನ ಸ್ವಂತ ಬಣ್ಣ 570ರ ಆಸುಪಾಸಿನಲ್ಲಿ ಬೆಳಕು ಹೀರುತ್ತದೆಯೇ ಎಂಬುದು. ಎರಡು, ಜೀವಕೋಶಗಳ ನೆರವಿಲ್ಲದೆ ವಸ್ತು ತಾನೇ ಎಂಟಿಟಿಯನ್ನು ನೇರಳೆಯಾಗಿಸುತ್ತದೆಯೇ ಎಂಬುದು. ಮೊದಲನೆಯದರಲ್ಲಿ ಬಣ್ಣದ ರೋಹಿತ, ಅಂದರೆ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ತೋರಿಸುವ ನಕ್ಷೆ, ತೆಗೆದು ನೋಡಿದೆ. ಗುಡ್ಡದ ನೆತ್ತಿ 480ರ ಸಮೀಪದಲ್ಲಿದ್ದು, ಅದರ ಇಳಿಜಾರಿನ ಬಾಲ ಮಾತ್ರ 570ರವರೆಗೆ ಚಾಚಿಕೊಂಡಿತ್ತು. ಹಾಗಾಗಿ ಬಣ್ಣ ಹಾಕಿಯೂ ಎಂಟಿಟಿ ಹಾಕದ ಜೀವಂತ ತುಂಡುಗಳನ್ನು ಜೊತೆಗಿಟ್ಟು, ಅವುಗಳಲ್ಲಿ ಕಂಡಷ್ಟನ್ನು ಕೊನೆಯಲ್ಲಿ ಕಳೆಯಬೇಕು ಎಂದು ಯೋಜನೆಯಲ್ಲಿ ಸೇರಿಸಿದೆ. ಎರಡನೆಯದಕ್ಕೆ 25 ಮಿಲಿಗ್ರಾಂ ಪುಡಿಯನ್ನು ಮಿಲಿಲೀಟರಿಗೆ 1 ಮಿಲಿಗ್ರಾಂ ಎಂಟಿಟಿ ಇರುವ ದ್ರಾವಣದಲ್ಲಿ ಬೆರೆಸಿ, 37 ಡಿಗ್ರಿಯಲ್ಲಿ, ಕತ್ತಲಲ್ಲಿ, ಒಂದು ಗಂಟೆ ಇಟ್ಟು ನೋಡಿದೆ. ಹಳದಿ ದ್ರಾವಣಕ್ಕೆ ಕೆಂಪುಗಂದು ಪುಡಿ ಬೆರೆತರೆ ಏನಾಗಬೇಕೋ ಅದೇ ಆಗಿತ್ತು, ಗಾಢ ಕಂದು. ನೇರಳೆ ಕಾಣಲಿಲ್ಲ. ನಮೂದು ಪುಸ್ತಕದಲ್ಲಿ "ನೇರಳೆ ಇಲ್ಲ" ಎಂದು ಬರೆದು ಸಹಿ ಹಾಕಿದೆ. ನೀಲಿ, ನೇರಳೆ ಎಂದು ಹುಡುಕುತ್ತಿದ್ದ ಕಣ್ಣಿಗೆ, ಅಷ್ಟು ಗಾಢ ಕಂದಿನೊಳಗೆ ನೇರಳೆ ಇದ್ದರೂ ಕಾಣುತ್ತಿತ್ತೇ ಎಂಬ ಪ್ರಶ್ನೆ ಆ ಹೊತ್ತಿಗೆ ಹೊಳೆಯಲಿಲ್ಲ.

ಅಂಗಾಂಶಗಳು ತಂಪುಪೆಟ್ಟಿಗೆಯಲ್ಲಿ, ಜೆಲ್ಲಿಯಂಥ ಅಗರೋಸ್‌ನಲ್ಲಿ ಕುಳಿತು ಬಂದವು. ಬಂದ ದಿನ ಅವುಗಳಿಗೆ ಏನೂ ಮಾಡುವಂತಿಲ್ಲ. ಒಂದೊಂದೇ ಬಟ್ಟಲನ್ನು ಚಿಮಟದಿಂದ ಎತ್ತಿ, ತಳಕ್ಕಂಟಿದ ಜೆಲ್ಲಿಯನ್ನು ಒರೆಸಿ, ಗುಳ್ಳೆಯೇನಾದರೂ ಇದೆಯೇ, ಅಂಚು ಬಿಟ್ಟಿದೆಯೇ ಎಂದು ಪರೀಕ್ಷಿಸಿ, ಹೊಸ ಪೋಷಕ ದ್ರವದಲ್ಲಿ ಕೂರಿಸಿ, ಇನ್‌ಕ್ಯುಬೇಟರಿನಲ್ಲಿ ರಾತ್ರಿಯಿಡೀ ಪ್ರಯಾಣದ ದಣಿವಾರಿಸಿಕೊಳ್ಳಲು ಬಿಡಬೇಕು.

ಮರುದಿನದ ಕೆಲಸವೆಲ್ಲ ಗಡಿಯಾರದ್ದು. ಪ್ರತಿ ತುಂಡಿಗೂ ಸಂಪರ್ಕದ ಅವಧಿ ಸರಿಯಾಗಿ 60 ನಿಮಿಷ. ತೊಳೆಯುವುದಕ್ಕೆ ಒಂದೊಂದಕ್ಕೂ ಸುಮಾರು ಒಂದು ನಿಮಿಷ ಬೇಕಾದ್ದರಿಂದ ಹಾಕುವಾಗಲೂ ನಿಮಿಷದ ಅಂತರ ಇಟ್ಟುಕೊಂಡೇ ಹಾಕಬೇಕು. ಮೊದಲು ಲವಣದ್ರಾವಣದ ಮೂರು, ಆಮೇಲೆ ಹೋಲಿಕೆಗೆಂದು ಶೇ 5ರ ಸೋಡಿಯಂ ಡೋಡೆಸೈಲ್ ಸಲ್ಫೇಟ್‌ನ ಮೂರು, ಕೊನೆಗೆ ಬಣ್ಣ. ಪುಡಿಯಾದ್ದರಿಂದ ಮೊದಲು 25 ಮೈಕ್ರೊಲೀಟರ್ ಲವಣದ್ರಾವಣದಿಂದ ಅಂಗಾಂಶದ ಮೇಲ್ಮೈಯನ್ನು ತೇವ ಮಾಡಿ, ಅದರ ಮೇಲೆ 25 ಮಿಲಿಗ್ರಾಂ ಪುಡಿ ಉದುರಿಸಿ, ಎಲ್ಲೂ ಬರಿ ಜಾಗ ಉಳಿಯದಂತೆ ಹರಡಬೇಕು. ಪುಡಿ ತೂಗುವಾಗ ತೂಕದ ಕಾಗದದ ಅಂಚಿನಿಂದ ಚೂರು ಹಾರಿ ಕೈಗವಸು ಮತ್ತು ಕೋಟಿನ ತೋಳಿನ ನಡುವಿನ ಬೆರಳಗಲ ಜಾಗದಲ್ಲಿ, ಮಣಿಕಟ್ಟಿನ ಮೇಲೆ ಬಿತ್ತು. ಬೆವರಿನ ತೇವ ಸಾಕಾಯಿತು. ನಿಮಿಷಗಳ ಓಟದ ನಡುವೆ ಅದನ್ನು ಗಮನಿಸಿ ಸೋಪಿನಿಂದ ತೊಳೆಯುವ ಹೊತ್ತಿಗೆ ಸುಮಾರು ಒಂದೂವರೆ ಗಂಟೆಯಾಗಿತ್ತು, ಕಲೆ ಕೂತುಬಿಟ್ಟಿತ್ತು.

ತೊಳೆಯುವುದು ಈ ಪರೀಕ್ಷೆಯ ಅತ್ಯಂತ ಬೇಸರದ, ಅತ್ಯಂತ ನಿರ್ಣಾಯಕ ಹಂತ. ಪ್ರತಿ ಬಟ್ಟಲನ್ನು ಚಿಮಟದಲ್ಲಿ ಓರೆಯಾಗಿ ಹಿಡಿದು, ಪಿಚಕಾರಿ ಬಾಟಲಿಯಿಂದ ಹದಿನೈದು ಸಲ ಲವಣದ್ರಾವಣ ತುಂಬಿ ಚೆಲ್ಲಿ, ಆಮೇಲೆ ಮೂರು ಸಲ ಬೀಕರಿನಲ್ಲಿ ಪೂರ್ತಿ ಮುಳುಗಿಸಿ ಅಲ್ಲಾಡಿಸಿ, ಹತ್ತಿಯ ತುದಿಯಿಂದ ಮೇಲ್ಮೈಯ ತೇವ ಹೀರಬೇಕು. ಧಾರೆ ಅಂಗಾಂಶದ ನಡುವೆ ಬಿದ್ದರೆ ಅದೇ ಕಿತ್ತುಬರುವ ಭಯ, ಅಂಚಿಗೆ ಮಾತ್ರ ಬಿದ್ದರೆ ವಸ್ತು ಉಳಿಯುವ ಭಯ. ನಮ್ಮ ಬಣ್ಣದ ವಿಷಯದಲ್ಲಿ ಮೊದಲ ನಾಲ್ಕೈದು ಧಾರೆಗೆ ಕಡುಗಂದು ನೀರು ಹರಿಯಿತು, ಹತ್ತರ ಹೊತ್ತಿಗೆ ತಿಳಿಯಾಯಿತು, ಹದಿನೈದಾದರೂ ಅಂಗಾಂಶ ಮಾತ್ರ ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣದಲ್ಲೇ ಇತ್ತು. ಕೂದಲಿನ ಕೆರಟಿನ್‌ಗೆ ಅಂಟಿಕೊಳ್ಳಲೆಂದೇ ಮಾಡಿದ ವಸ್ತು ಚರ್ಮದ ಕೆರಟಿನ್ ಬಿಟ್ಟೀತೇ?

ಆಗಲೇ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಎರಡನೆಯ ಬಟ್ಟಲಿನಲ್ಲಿ ಹತ್ತಿಯ ತುದಿ ತಾಗಿಸಿದಾಗ ಅಂಗಾಂಶದ ಒಂದು ಅಂಚು ಪೊರೆಯಿಂದ ಮೇಲೆದ್ದು, ಹಳೆಯ ಗೋಡೆಯ ಸುಣ್ಣದ ಹಕ್ಕಳೆಯಂತೆ, ತುಸು ಸುರುಳಿಗೊಂಡಿತು. ಲವಣದ್ರಾವಣದ ತುಂಡುಗಳಲ್ಲಿ ಹೀಗೆ ಆಗಿರಲಿಲ್ಲ. ಸಲ್ಫೇಟ್ ಹಾಕಿದವುಗಳಲ್ಲಿ ಆಗಿತ್ತು. ಗಮನ ಕಾಲಂನಲ್ಲಿ "ಅಂಚು ಬಿಟ್ಟಿದೆ" ಎಂದು ಬರೆದೆ. ನನ್ನ ಕೈ ಒರಟಾಗಿರಬೇಕು ಎಂದುಕೊಂಡು ಮುಂದಿನ ಬಟ್ಟಲಿಗೆ ಹೋದೆ.

ತೊಳೆದ ಮೇಲೆ 42 ಗಂಟೆಗಳ ಕಾಯುವಿಕೆ. ಏಟು ಬಿದ್ದ ಜೀವಕೋಶಗಳು ಸಾಯಲು ಅಥವಾ ಚೇತರಿಸಿಕೊಳ್ಳಲು ಈ ಸಮಯ ಬೇಕು. ನಡುವೆ 24ನೇ ಗಂಟೆಗೆ ಪೋಷಕ ದ್ರವ ಬದಲಿಸುವಾಗ ಹಳೆಯ ದ್ರವವನ್ನು ಚೆಲ್ಲದೆ ನಳಿಕೆಗಳಲ್ಲಿ ಘನೀಕರಿಸಿ ಇಟ್ಟೆ. ತೀರ್ಪಿಗೆ ಅದು ಬೇಕಿಲ್ಲ. ಏನಾದರೂ ಬೇಕಾದೀತು ಎಂದು ಇಡುವ ಅಭ್ಯಾಸ ನಮ್ಮಲ್ಲಿದೆ. ಮೂರನೆಯ ದಿನ ಎಂಟಿಟಿಯಲ್ಲಿ ಮೂರು ಗಂಟೆ, ಐಸೊಪ್ರೊಪನಾಲ್‌ನಲ್ಲಿ ಎರಡು ಗಂಟೆ, ಆಮೇಲೆ ಯಂತ್ರ.

ಲವಣದ್ರಾವಣದ ತುಂಡುಗಳು ಸರಿಯಾದ ಮಿತಿಯಲ್ಲಿದ್ದವು. ಸಲ್ಫೇಟ್‌ನವು ಶೇ 4ಕ್ಕೆ ಕುಸಿದಿದ್ದವು, ಇರಬೇಕಾದದ್ದೇ ಹಾಗೆ. ನಮ್ಮ ಬಣ್ಣದ ಮೂರು ತುಂಡುಗಳ ಸರಾಸರಿ ಶೇ 68. ಎಂಟಿಟಿ ಇಲ್ಲದ ತುಂಡುಗಳಲ್ಲಿ ಕಂಡ ಬಣ್ಣದ ಪಾಲು ಶೇ 6. ಕಳೆದರೆ 62. ಐವತ್ತಕ್ಕಿಂತ ಆರಾಮವಾಗಿ ಮೇಲೆ. ಕೆರಳಿಸುವುದಿಲ್ಲ. ಬಣ್ಣದ ಮೋಸವನ್ನು ಕಳೆದು ಲೆಕ್ಕ ಹಾಕಿದ್ದೇನೆಂಬ ಸಮಾಧಾನದಲ್ಲಿ ಕರಡು ಹಾಳೆಗಳನ್ನು ಅಧ್ಯಯನ ನಿರ್ದೇಶಕರ ಮೇಜಿನ ಮೇಲಿಟ್ಟೆ.

ಅವರಿಗೊಂದು ರೂಢಿಯಿದೆ. ಸಂಖ್ಯೆಗಳನ್ನು ಕೊನೆಗೆ ನೋಡುತ್ತಾರೆ, ಮೊದಲು ಓದುವುದು ಗಮನ ಕಾಲಂ.

"ಅಂಚು ಬಿಟ್ಟಿದೆ ಅಂತ ಬರೆದಿದ್ದೀರಲ್ಲ, ಒಂದರಲ್ಲೋ ಮೂರರಲ್ಲೋ?"

"ಚೆನ್ನಾಗಿ ಕಂಡದ್ದು ಒಂದರಲ್ಲಿ ಮೇಡಂ. ಇನ್ನೊಂದರಲ್ಲೂ ಸ್ವಲ್ಪ ಇತ್ತು ಅನ್ನಿಸುತ್ತೆ. ನನ್ನ ಕೈ ತಪ್ಪಿರಬಹುದು."

"ಅದೇ ಕೈ ಲವಣದ್ರಾವಣದ್ದನ್ನೂ ತೊಳೆಯಿತಲ್ಲವೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಪುಟ ತಿರುವಿ ಪೂರ್ವಪರೀಕ್ಷೆಯ ಹಾಳೆಗೆ ಹೋದರು. "ಕಂದು ದ್ರಾವಣದಲ್ಲಿ ನೇರಳೆ ಇಲ್ಲ ಅಂತ ಹೇಗೆ ಗೊತ್ತಾಯಿತು?"

"ನೋಡಿ ಗೊತ್ತಾಯಿತು."

"ಸತ್ತ ಚರ್ಮಕ್ಕೆ ಹಾಕಿ ನೋಡಿದ್ದೀರಾ?"

ಹಾಕಿರಲಿಲ್ಲ. ಎಂಟಿಟಿಯನ್ನು ವಸ್ತು ತಾನೇ ನೇರಳೆಯಾಗಿಸುತ್ತದೆ ಎಂದು ಪೂರ್ವಪರೀಕ್ಷೆಯಲ್ಲಿ ಕಂಡರೆ ಮಾತ್ರ ಹೋಲಿಕೆಗೆಂದು ಸತ್ತ ಅಂಗಾಂಶ ಬೇಕು, ನನಗೆ ಕಂಡಿರಲಿಲ್ಲವಲ್ಲ!

ಅಂದು ಸಂಜೆಯೇ ಪೂರ್ವಪರೀಕ್ಷೆಯನ್ನು ಮತ್ತೆ ಮಾಡಿದೆ, ಈ ಸಲ ಕಣ್ಣನ್ನು ನಂಬದೆ. ಫಾರ್ಮಝಾನ್ ನೀರಿನಲ್ಲಿ ಕರಗುವುದಿಲ್ಲ, ಸಣ್ಣ ಹರಳುಗಳಾಗಿ ಬೀಳುತ್ತದೆ ಎಂಬುದೇ ದಾರಿ. ಒಂದು ಗಂಟೆಯ ಬಳಿಕ ಕಂದು ದ್ರಾವಣವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ದ್ರವವನ್ನು ಮೆಲ್ಲಗೆ ಚೆಲ್ಲಿ, ತಳವನ್ನು ಎರಡು ಸಲ ನೀರಿನಿಂದ ತೊಳೆದು, ನಳಿಕೆಯನ್ನು ದೀಪದ ಕಡೆಗೆ ಹಿಡಿದೆ. ತುದಿಯಲ್ಲಿ ಕರಗದೆ ಉಳಿದ ಪುಡಿಯ ಕಂದು ಕಣಗಳ ನಡುವೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಶಾಯಿ ಚುಕ್ಕೆ ಇಟ್ಟಂತೆ ನೇರಳೆ ಕೂತಿತ್ತು. ಎಂಟಿಟಿ ಇಲ್ಲದೆ ಬರೀ ಬಣ್ಣ ಹಾಕಿದ್ದ ಜೋಡಿ ನಳಿಕೆಯಲ್ಲಿ ಅದಿರಲಿಲ್ಲ. ಐಸೊಪ್ರೊಪನಾಲ್ ಹನಿಸಿದೊಡನೆ ಆ ಚುಕ್ಕೆ ಕರಗಿ ಹೊಗೆಯಂತೆ ಮೇಲೆದ್ದಿತು. ಮೂರು ದಿನ ನಾನು "ಜೀವ" ಎಂದು ಎಣಿಸಿದ್ದರಲ್ಲಿ ಒಂದು ಭಾಗ ಬರೀ ರಸಾಯನವಾಗಿತ್ತು. ಬಣ್ಣದ ಅಣುವಿನಲ್ಲಿರುವ ಆ ಅಮಿನೊ, ಹೈಡ್ರಾಕ್ಸಿಲ್ ಗುಂಪುಗಳೇ ಎಲೆಕ್ಟ್ರಾನ್ ಕೊಡುವುದರಲ್ಲಿ ಉದಾರಿಗಳು. ಮೇಲಿನ ಒಣ ಪದರದಲ್ಲಿ ಸಿಕ್ಕಿಕೊಂಡು 42 ಗಂಟೆ ಉಳಿದು, ಎಂಟಿಟಿ ಬಂದೊಡನೆ ಸತ್ತ ಜೀವಕೋಶಗಳ ಪರವಾಗಿ ತಾವೇ ಹಾಜರಿ ಹಾಕಿದ್ದವು.

ತಪ್ಪು ಯಾವ ದಿಕ್ಕಿನದು ಎಂಬುದನ್ನು ಯೋಚಿಸಿದಾಗ ಹೆಚ್ಚು ಕಸಿವಿಸಿಯಾಯಿತು. ಇಂಥ ಹಸ್ತಕ್ಷೇಪ ಯಾವತ್ತೂ ಜೀವಂತಿಕೆಯನ್ನು ಹೆಚ್ಚಿಸಿಯೇ ತೋರಿಸುತ್ತದೆ, ಕಡಿಮೆ ಮಾಡಿ ಅಲ್ಲ. ನಿರುಪದ್ರವಿ ವಸ್ತುವನ್ನು ಕೆರಳಿಸುವಂಥದ್ದು ಎಂದರೆ ಕಳುಹಿಸಿದವರಿಗೆ ನಷ್ಟ. ಕೆರಳಿಸುವಂಥದ್ದನ್ನು ನಿರುಪದ್ರವಿ ಎಂದರೆ ನಷ್ಟ ಆಗುವುದು ತಲೆಗೆ ಹಚ್ಚಿಕೊಳ್ಳುವವರಿಗೆ, ಅದನ್ನು ದಿನವೂ ಬರಿಗೈಯಲ್ಲಿ ಕಲಸುವವರಿಗೆ.

ನಮ್ಮ ಕೆಲಸ ಉತ್ತಮ ಪ್ರಯೋಗಾಲಯ ಪದ್ಧತಿಯ ನಿಯಮಗಳಡಿ ನಡೆಯುತ್ತದೆ. ಅಲ್ಲಿ ಹಳೆಯ ಹಾಳೆಯನ್ನು ಹರಿಯುವಂತಿಲ್ಲ, ಅಳಿಸುವಂತಿಲ್ಲ. "ನೇರಳೆ ಇಲ್ಲ" ಎಂಬ ಸಾಲಿನ ಮೇಲೆ, ಕೆಳಗಿನ ಅಕ್ಷರಗಳು ಓದಲು ಸಿಗುವಂತೆ ಒಂದೇ ಒಂದು ಗೀಟು ಎಳೆದು, ಪಕ್ಕದಲ್ಲಿ ಕಾರಣ, ದಿನಾಂಕ, ಸಹಿ ಹಾಕಿದೆ. ವಿಚಲನೆಯ ವರದಿ ಬರೆದೆ. ಮೊದಲ ಸುತ್ತಿನ ಫಲಿತಾಂಶ ಅಸಿಂಧು ಎಂದಾಯಿತು, ಆದರೆ ಕಡತದಲ್ಲೇ ಉಳಿಯಿತು. ಪುಡಿ ಕಳುಹಿಸಿದ್ದವರ ಕಡೆಯಿಂದ, 62 ಎಂಬ ಸಂಖ್ಯೆ ಹೇಗೋ ಕಿವಿಗೆ ಬಿದ್ದಿದ್ದರಿಂದ, ಅದನ್ನೇ ಕೊಡಬಾರದೇ ಎಂಬ ವಿನಯಪೂರ್ವಕ ಪತ್ರವೂ ಬಂತು. ಉತ್ತರ ಬರೆಯುವ ಕೆಲಸ ನನ್ನದಾಗಿರಲಿಲ್ಲ, ಪುಣ್ಯ.

ಹೊಸ ಅಂಗಾಂಶಗಳು ಬರಲು ಮೂರು ವಾರ ಹಿಡಿಯಿತು. ಅವುಗಳಲ್ಲಿ ಒಂದು ಪಾಲನ್ನು ಬಂದ ಕೂಡಲೇ ಘನೀಕರಿಸಿ ಕೊಂದೆವು. ಹೆಪ್ಪುಗಟ್ಟಿಸಿ ಕರಗಿಸಿದ ಅಂಗಾಂಶ ಮೇಲ್ನೋಟಕ್ಕೆ ಬದುಕಿರುವುದರಂತೆಯೇ ಇರುತ್ತದೆ. ಗೋಡೆ ಉಳಿದು ಮನೆಯವರು ಹೋದ ಮನೆಯಂತೆ. ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಂಟಿಟಿಯನ್ನು ಮಾತ್ರ ಕಿಣ್ವಗಳ ಮೂಲಕ ಮಾರ್ಪಡಿಸಲಾರದು. ಆದ್ದರಿಂದ ಅದಕ್ಕೂ ಅದೇ ಬಣ್ಣ, ಅದೇ 60 ನಿಮಿಷ, ಅದೇ ತೊಳೆತ, ಅದೇ 42 ಗಂಟೆ, ಅದೇ ಎಂಟಿಟಿ. ಅಲ್ಲಿ ಎಷ್ಟು ನೇರಳೆ ಕಾಣುತ್ತದೋ ಅಷ್ಟೂ ಬಣ್ಣದ ಸ್ವಂತ ಕೈಚಳಕ.

ಲೆಕ್ಕ ಇಲ್ಲಿ ಒಂದು ಸುತ್ತು ಹೆಚ್ಚು ತಿರುಗುತ್ತದೆ, ನನಗೂ ಮೊದಲು ಅರ್ಥವಾಗಿರಲಿಲ್ಲ. ಬದುಕಿರುವ ತುಂಡಿನ ಒಟ್ಟು ಓದಿನಲ್ಲಿ ಮೂರು ಸೇರಿವೆ: ನಿಜವಾದ ಜೀವ, ಬಣ್ಣ ತಾನೇ ಮಾಡಿದ ನೇರಳೆ, ಬಣ್ಣದ ಸ್ವಂತ ಛಾಯೆ. ಸತ್ತ ತುಂಡಿನ ಓದನ್ನು ಕಳೆದರೆ ಎರಡನೆಯದು ಹೋಗುತ್ತದೆ, ಆದರೆ ಆ ಸತ್ತ ತುಂಡಿನಲ್ಲೂ ಬಣ್ಣದ ಛಾಯೆ ಇದ್ದುದರಿಂದ ಮೂರನೆಯದೂ ಅದರೊಂದಿಗೆ ಹೋಗಿರುತ್ತದೆ. ಎಂಟಿಟಿ ಇಲ್ಲದ ಜೀವಂತ ತುಂಡಿನ ಓದನ್ನೂ ಕಳೆದರೆ ಛಾಯೆಯನ್ನು ಎರಡು ಸಲ ಕಳೆದಂತಾಗುತ್ತದೆ. ಅದನ್ನು ಸರಿದೂಗಿಸಲು ಎಂಟಿಟಿ ಹಾಕದ ಸತ್ತ ತುಂಡುಗಳನ್ನೂ ಇಟ್ಟು, ಅವುಗಳ ಓದನ್ನು ವಾಪಸು ಕೂಡಿಸಬೇಕು. ಬಣ್ಣದ ಛಾಯೆ ತೀರಾ ಗಾಢವಾಗಿದ್ದಿದ್ದರೆ ಈ ಕೂಡು ಕಳೆಯ ಬದಲು ಎಚ್‌ಪಿಎಲ್‌ಸಿ ಯಂತ್ರದಲ್ಲಿ ಫಾರ್ಮಝಾನನ್ನು ಬಣ್ಣದಿಂದ ಬೇರ್ಪಡಿಸಿ ಅಳೆಯಬಹುದಿತ್ತು. ಆದರೆ ಬಣ್ಣವೇ ತಯಾರಿಸಿದ ಫಾರ್ಮಝಾನನ್ನೂ ಜೀವಕೋಶ ತಯಾರಿಸಿದ ಫಾರ್ಮಝಾನನ್ನೂ ಯಾವ ಯಂತ್ರವೂ ಬೇರೆ ಮಾಡಲಾರದು, ಎರಡೂ ಒಂದೇ ಅಣು. ಅದಕ್ಕೆ ಸತ್ತ ಚರ್ಮ ಬೇಕೇ ಬೇಕು.

ಎರಡನೆಯ ಸುತ್ತಿನಲ್ಲಿ ಬದುಕಿದ್ದ ತುಂಡುಗಳ ಒಟ್ಟು ಓದು ಶೇ 67, ಹೆಚ್ಚುಕಡಿಮೆ ಹಿಂದಿನದೇ. ಸತ್ತ ತುಂಡುಗಳು ಶೇ 30 ತೋರಿಸಿದವು. ಏನೂ ಹಾಕದ ಸತ್ತ ತುಂಡುಗಳ ಶೇ 2 ಕಳೆದರೆ 28. ಛಾಯೆಯ 6 ಕಳೆದು, ಸತ್ತವುಗಳ ಛಾಯೆಯ 7 ಕೂಡಿಸಿದಾಗ ಉಳಿದದ್ದು ಶೇ 40. ಮೂರೂ ತುಂಡುಗಳು ಒಂದಕ್ಕೊಂದು ಹತ್ತಿರವೇ ಇದ್ದವು. ಈ ಸಲ ಮೂರರಲ್ಲೂ ಅಂಚು ಬಿಟ್ಟಿತ್ತು, ನಾನು ಉಸಿರು ಬಿಗಿಹಿಡಿದು ತೊಳೆದಿದ್ದರೂ.

ಮೊದಲ ಸುತ್ತಿನಲ್ಲಿ ಘನೀಕರಿಸಿ ಇಟ್ಟಿದ್ದ ದ್ರವ ಆಗ ನೆನಪಾಯಿತು. ಗಾಯಗೊಂಡ ಕೆರಟಿನೊಸೈಟ್‌ಗಳು ಇಂಟರ್‌ಲ್ಯೂಕಿನ್ ಒಂದು ಆಲ್ಫಾ ಎಂಬ ಸಂದೇಶವಾಹಕವನ್ನು ಹೊರಗೆ ಚೆಲ್ಲುತ್ತವೆ, ಅದನ್ನು ಅಳೆಯುವುದಕ್ಕೆ ಎಂಟಿಟಿಯ ಹಂಗಿಲ್ಲ. ಅಳೆದಾಗ ಬಣ್ಣದ ತುಂಡುಗಳ ದ್ರವದಲ್ಲಿ ಲವಣದ್ರಾವಣದ ತುಂಡುಗಳಿಗಿಂತ ಹಲವು ಪಟ್ಟು ಹೆಚ್ಚಿತ್ತು. ವರ್ಗೀಕರಣ ನಿಂತದ್ದು ನಲವತ್ತರ ಮೇಲೆಯೇ, ಇದರ ಮೇಲಲ್ಲ. ಆದರೂ ಅದನ್ನು ಅನುಬಂಧದಲ್ಲಿ ಸೇರಿಸಿದೆವು. ವರದಿಯ ತೀರ್ಮಾನ: ಕೆರಳಿಸುವ ವಸ್ತು, ವರ್ಗ 2. ಇದು ಶುದ್ಧ ಪುಡಿಯ ಮಾತು; ಬಳಕೆಯ ಮಟ್ಟಕ್ಕೆ ತೆಳುಗೊಳಿಸಿದ ಮಿಶ್ರಣಕ್ಕೆ ಬೇರೆಯೇ ಅಧ್ಯಯನ ಬೇಕು, ಅದು ಬೇರೆಯವರ ಪಾಲಿಗೆ ಹೋಯಿತು.

ಕಡತ ಮುಚ್ಚುವ ಮುನ್ನ ಸುರಕ್ಷತಾ ವಿಭಾಗದವರು ಒಂದು ಬಾಕಿ ನೆನಪಿಸಿದರು. ಮೊದಲ ಸುತ್ತಿನ ದಿನ ಮಣಿಕಟ್ಟಿಗೆ ಪುಡಿ ತಾಗಿದ್ದನ್ನು ಸಂಪರ್ಕ ನಮೂದು ಪುಸ್ತಕದಲ್ಲಿ ಅಂದೇ ಬರೆದಿದ್ದೆ, ಆದರೆ 24 ಗಂಟೆಯ ಬಳಿಕದ ಕಾಲಂ ಖಾಲಿ ಬಿಟ್ಟಿದ್ದೆ. ಕೆರೆತ ಇತ್ತೇ ಎಂದು ಕೇಳಿತ್ತು: "ಸ್ವಲ್ಪ" ಎಂದು ಬರೆದೆ. ಕಲೆ ಎಷ್ಟು ದಿನ ಇತ್ತು ಎಂದು ಕೇಳಿತ್ತು: ಹನ್ನೊಂದು ದಿನ, ಚರ್ಮದ ಮೇಲ್ಪದರದೊಂದಿಗೆ ಉದುರಿಹೋಗುವವರೆಗೆ. ಮುಂದಿನ ಪ್ರಶ್ನೆ, ಕೆಂಪಾಗಿತ್ತೇ, ಹೌದು ಅಥವಾ ಇಲ್ಲ. ಪೆನ್ನು ಹಿಡಿದು ತುಸು ಹೊತ್ತು ಕೂತಿದ್ದು, ಎರಡಕ್ಕೂ ಗುರುತು ಹಾಕದೆ, ಪಕ್ಕದ ಅಂಚಿನಲ್ಲಿ ಬರೆದೆ: "ವಸ್ತುವಿನ ಬಣ್ಣದಿಂದಾಗಿ ಹೇಳಲಾಗದು."